ಎಡಭುಜ ಅರ್ಧ ಇಂಚು

ಸಮುದ್ರವಿಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲ ಈ ಊರಿಗೆ.
ಇಲ್ಲಿ ಕೂತು ಮುಳುಗಿದವನೊಬ್ಬನನ್ನು ಹುಡುಕುತ್ತಿದ್ದೇನೆ,
ನೋಂದಣಿ ಕಚೇರಿಯ ನೆಲಮಾಳಿಗೆಯಲ್ಲಿ,
ಪುಟಕ್ಕೆ ಇಷ್ಟೆಂದು ಶುಲ್ಕ ಕಟ್ಟಿ,
ಮೂಗಿಗೆ ಕರ್ಚೀಫು ಕಟ್ಟಿ.

ಪೊನ್ನುರಂಗಂ ಮೊದಲಿಯಾರ್. ದಂಡಿನ ಕುದುರೆಗಳಿಗೆ ಹುಲ್ಲು,
ಬ್ಯಾರಕ್ಕುಗಳಿಗೆ ಸುಣ್ಣ, ದೊರೆಗಳ ಮೇಜಿಗೆ ಐಸು.
ಮೂರು ಗುತ್ತಿಗೆ, ಹದಿನಾಲ್ಕು ಮನೆ,
ಹಲಸೂರು ಕೆರೆಯ ಕೆಳಗೊಂದು ತೋಟ.
ಈಗ ತೋಟದ ಮೇಲೊಂದು ಪಾರ್ಕಿಂಗ್ ಕಟ್ಟಡ,
ಅದರ ಮೇಲೊಂದು ಮೊಕದ್ದಮೆ.

ಸಾವಿರದ ಒಂಬೈನೂರ ಹತ್ತು, ಕಾರ್ತಿಕದ ಕೊನೆ.
ಮದರಾಸಿನಿಂದ ರಂಗೂನಿಗೆ ಹೊರಟ ‘ಕಾರ್ನೀಲಿಯಾ’
ತಲುಪಲಿಲ್ಲ.
ಕಂಪನಿಯ ಕಾಗದ ಅಷ್ಟೇ ಹೇಳುತ್ತದೆ, ತಲುಪಲಿಲ್ಲ,
ತಡವಾದ ಟಪಾಲಿನ ಬಗ್ಗೆ ಹೇಳಿದ ಹಾಗೆ.
ಯಾಕೆ ಹೊರಟಿದ್ದ? ಅಕ್ಕಿ ನೋಡಲು ಅನ್ನುತ್ತದೆ ಒಂದು ದಸ್ತಾವೇಜು,
ಮಾಣಿಕ್ಯ ಕೊಳ್ಳಲು ಅನ್ನುತ್ತದೆ ಇನ್ನೊಂದು.
‘ಅಲ್ಲೊಬ್ಬಳಿದ್ದಳಂತೆ’ ಅನ್ನುತ್ತಾಳೆ
ಅಡುಗೆಯವಳ ಮೊಮ್ಮಗಳು, ಬಾಗಿಲು ಅರ್ಧ ಮುಚ್ಚಿ.

ಮರಿಮಕ್ಕಳಿಗೆ ಬೇಕಾದ್ದು ಅವನಲ್ಲ, ಅವನು ಸತ್ತ ಹೊತ್ತು.
ಅದೇ ವಾರ ಸಿಡುಬಿನಲ್ಲಿ ಹೋದ ಹಿರಿಮಗ ಮೊದಲೋ, ಇವನು ಮೊದಲೋ,
ಪಾಲು ನಿಂತಿರುವುದು ಅಷ್ಟರ ಮೇಲೆ.
‘ಗಂಟೆ ಸಿಕ್ಕರೆ ಸಾಕು ಮೇಡಂ’ ಅಂತಾರೆ ವಕೀಲರು.
ನೀರಿಗೆ ಗಡಿಯಾರ ಎಲ್ಲಿಂದ ತರಲಿ?
ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆನ್ನುತ್ತದೆ ಕಾನೂನು.
ಹೆಂಡತಿ ತಾಯಾರಮ್ಮ ಆ ಏಳೂ ವರ್ಷ
ಕುಂಕುಮವಿಟ್ಟುಕೊಂಡು ಹೋಗಿ ಅವನ ಹೆಸರಲ್ಲೇ ಕಂದಾಯ ಕಟ್ಟಿದ್ದಾಳೆ.
ಕಂದಾಯಕ್ಕೆ ರಸೀದಿ ಇದೆ. ಕುಂಕುಮ ನನ್ನ ಊಹೆ.

ಪಟವಿಲ್ಲ ಅವನದು. ಇದ್ದೊಂದನ್ನು ಗೆದ್ದಲು ತಿಂದಿದೆ,
ಗಾಜು ಮಾತ್ರ ಬಿಟ್ಟು.
ಹುಲ್ಲಿನ ತೂಕ ಗೊತ್ತು, ಸುಣ್ಣದ ದರ ಗೊತ್ತು,
ಎಲೆಯ ಮುಂದೆ ಕೂತರೆ ಮೊದಲು ಏನು ಮುಟ್ಟುತ್ತಿದ್ದ, ಗೊತ್ತಿಲ್ಲ.

ಯಾರೋ ಹೇಳಿದರು, ದರ್ಜಿಗಳನ್ನು ಕೇಳಿ ನೋಡಿ.
ಶಿವಾಜಿನಗರ. ಬಿರಿಯಾನಿ ಡಬರಿಗಳ ಹಿಂದೆ
ವಾಜಿದ್ ಸಾಹೇಬರ ಅಂಗಡಿ. ಈಗ ಬರೀ ಆಲ್ಟ್ರೇಷನ್ನು,
ಜಿಪ್ಪು, ಫಾಲು, ಜೀನ್ಸಿನ ಕಾಲು ಗಿಡ್ಡ ಮಾಡುವುದು.
ಮುತ್ತಜ್ಜನ ಅಳತೆಪುಸ್ತಕ ಟ್ರಂಕಿನ ತಳದಲ್ಲಿತ್ತು,
ಉರ್ದುವಿನಲ್ಲಿ. ಅವರು ಓದಿದರು, ನಾನು ಬರೆದುಕೊಂಡೆ:

ಎದೆ ನಲವತ್ತೊಂದು. ಹೊಟ್ಟೆ ನಲವತ್ನಾಲ್ಕು.
ತೋಳು ಇಪ್ಪತ್ಮೂರೂವರೆ.
ಎಡಭುಜ ಅರ್ಧ ಇಂಚು ಇಳಿದಿದೆ. ಹತ್ತಿ ತುಂಬುವುದು.
ಹೇಳಕೂಡದು.

ಐಸು ಮಾರುವ ಮುಂಚೆ
ಆ ಭುಜ ಏನನ್ನೋ ಹೊತ್ತಿತ್ತು. ಬಹುಶಃ ಹುಲ್ಲು.
ಬಹುಶಃ ಬೇರೆಯವರ ಹುಲ್ಲು.

ಕಪ್ಪು ಸರ್ಜು, ಎರಡು ಕೋಟು. ಒಂದನ್ನು ತೊಟ್ಟು ಹಡಗು ಹತ್ತಿದ.
ಇನ್ನೊಂದಕ್ಕೆ ಗುಂಡಿ ಹಾಕುತ್ತಿರುವಾಗ ಸುದ್ದಿ ಬಂತು.
ಬಾಕಿ, ಹನ್ನೊಂದು ರೂಪಾಯಿ ನಾಲ್ಕಾಣೆ.

‘ಆ ಕೋಟು?’ ಅಂದೆ.
ಅವರು ಮಷೀನಿನ ಮೇಲಿನ ಗೋಡೆ ತೋರಿಸಿದರು.
ಅಜ್ಜನ ಮದುವೆಯ ಫೋಟೋ. ಹತ್ತೊಂಬತ್ತರ ಹುಡುಗ
ಸೆಹರಾ ಪಕ್ಕಕ್ಕೆ ಸರಿಸಿ, ಉಸಿರು ಬಿಗಿಹಿಡಿದು ನಿಂತಿದ್ದಾನೆ.
ಹೊಟ್ಟೆಯ ಹತ್ತಿರ ಒಳಕ್ಕೆ ಹಿಡಿದು ಹೊಲಿದದ್ದು ಕಾಣುತ್ತದೆ.
ಭುಜ ಬಿಚ್ಚಿಲ್ಲ.
ನೆಟ್ಟಗಿದ್ದ ಹುಡುಗನ ಎಡಭುಜ ಒಂದಿಷ್ಟು ಮೇಲೆ,
ಕಂಕುಳಿಗೆ ಕೈಕೊಟ್ಟು ಯಾರೋ
ಎತ್ತುತ್ತಿರುವ ಹಾಗೆ.

‘ನೀವು ಅವರ ಕಡೆಯವರಾ?’
ಅಲ್ಲ ಅನ್ನಬೇಕಿತ್ತು. ಇಪ್ಪತ್ತರ ನೋಟು ಕೊಟ್ಟೆ.
ಸಾಹೇಬರು ನಗಲಿಲ್ಲ. ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಗೀಟೆಳೆದು
ಎಂಟು ಮುಕ್ಕಾಲು ವಾಪಸು ಕೊಡಲು ಡ್ರಾಯರು ಕೆದಕಿದರು,
ಗುಂಡಿ, ಸೀಮೆಸುಣ್ಣ, ಮುರಿದ ಸೂಜಿಗಳ ನಡುವೆ, ಬಹಳ ಹೊತ್ತು.

ರಾತ್ರಿ ವಕೀಲರಿಗೆ ಬರೆದೆ: ಗಂಟೆ ಸಿಕ್ಕಿಲ್ಲ,
ಶುಲ್ಕದ ಪಟ್ಟಿ ಲಗತ್ತಿಸಿದೆ.
ಭುಜದ ವಿಷಯ ಬರೆಯಲಿಲ್ಲ.